ಹೆಣ್ಣು ಸಾಲಿನ ಪರಾಗ

"ಬಾಯಿ ಮುಚ್ಚೋ ಗಾಜಣ್ಣ! ಇನ್ನೊಂದ್ಸಲ ಜೀವ ಇದೆ ಅಂದ್ರೆ ನಿನ್ನ ಯಂತ್ರಾನ ಕಿಟಕಿಯಿಂದ ಆಚೆ ಎಸೀತೀನಿ!"

"ಎಸಿ ಭಾವ. ಯಂತ್ರ ಒಡೆದ್ರೆ ಪರಾಗ ಸಾಯಲ್ಲ."

ಬೀಜದ ತೋಟದ ಮೇಸ್ತ್ರಿ ಮೇಜಿಗೆ ಗುದ್ದಿದ. ಅಯೋಡಿನ್ ಸೀಸೆ ಕುಣಿಯಿತು. ಅವನ ಹೆಂಡತಿಯ ತಮ್ಮ ಸೂಕ್ಷ್ಮದರ್ಶಕದ ಮುಂದೆ ಕೂತೇ ಅರ್ಧ ಆಯಸ್ಸು ಕಳೆದವನು. ಅದಕ್ಕೇ ಎಲ್ಲರ ಬಾಯಲ್ಲೂ ಗಾಜಣ್ಣ. ಅವನು ಎದ್ದು ಭಾವನಿಗೆ ಜಾಗ ಬಿಟ್ಟ.

"ನೀನೇ ನೋಡು."

ಮೇಸ್ತ್ರಿ ಬಗ್ಗಿ ಕಣ್ಣಿಟ್ಟ. ಅಯೋಡಿನ್ ಹನಿಯಲ್ಲಿ ಸತ್ತ ಪರಾಗ ಮಂಕು ಹಳದಿಯಾಗಿ ಉಳಿಯುತ್ತದೆ, ಜೀವ ಇರುವುದು ಕಪ್ಪಾಗುತ್ತದೆ. ಇದು ಹೆಣ್ಣು ಸಾಲಿನ ಭತ್ತದ ಹೂವು. ಇಲ್ಲಿ ಒಂದು ಕಣವೂ ಕಪ್ಪಾಗಬಾರದು. ಆದರೆ ಗಾಜಿನ ತುಂಬ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿ.

ಆ ತಳಿಯ ವಂಶವಾಹಿಯೇ ವಿಚಿತ್ರ. ಸೆಕೆ ಇದ್ದರೆ ತನ್ನ ಪರಾಗವನ್ನು ತಾನೇ ಕೊಲ್ಲುತ್ತದೆ. ಆಗ ಪಕ್ಕದ ಗಂಡು ಸಾಲಿನ ಪರಾಗ ಗಾಳಿಯಲ್ಲಿ ಬಂದು ಕೂಡಿ ಮಿಶ್ರತಳಿಯ ಬೀಜ ಕಟ್ಟುತ್ತದೆ. ಆದರೆ ಎಳೆ ತೆನೆ ಕಾಂಡದೊಳಗಿರುವಾಗ ತಂಪು ತಗುಲಿತೋ, ಕೆಟ್ಟಿತು. ಪರಾಗ ಬದುಕುತ್ತದೆ, ಹೆಣ್ಣು ಸಾಲು ತನ್ನಷ್ಟಕ್ಕೆ ತಾನೇ ಕಾಳು ಕಟ್ಟುತ್ತದೆ. ಆ ಕಾಳಿನ ಪೈರೂ ಸೆಕೆಗೆ ತನ್ನ ಪರಾಗ ಕೊಲ್ಲುವಂಥದ್ದೇ. ಅದನ್ನು ಬೇಸಿಗೆಯಲ್ಲಿ ಬಿತ್ತಿದವನ ಗದ್ದೆ ಹಸಿರಾಗಿ ನಿಲ್ಲುತ್ತದೆ, ತೆನೆ ಉಜ್ಜಿದರೆ ಬರೀ ಜಳ್ಳು.

"ತಂಪು ಎಲ್ಲಿಂದ ಬಂತೋ? ಈ ಸಲ ಬೆಂಕಿ ಬಿಸಿಲು!"

"ನೀರಿಂದ."

ಹೇಳಿದ್ದು ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿಯ ಹೆಂಡತಿ. ನೀರು ಕಟ್ಟುವ ಕೆಲಸ ಅವಳದು. ಬಿಸಿಲಿಗೆ ಕಾದ ಹೊಂಡದ ನೀರನ್ನಷ್ಟೇ ಹೆಣ್ಣು ಸಾಲಿಗೆ ಬಿಡಬೇಕು, ಅಣೆಕಟ್ಟಿನ ತಳದಿಂದ ಬರುವ ತಣ್ಣನೆಯ ಕಾಲುವೆ ನೀರು ಮುಟ್ಟಿಸಲೇಬಾರದು ಎಂಬುದು ಅಲ್ಲಿಯ ಕಟ್ಟಳೆ.

"ಹೊಂಡ ತಳ ಕಂಡಿತ್ತು. ಎಲೆ ಸುರುಳಿ ಸುತ್ಕೊಂಡಿದ್ವು. ಹೊಟ್ಟೆ ಉರೀತು, ಕಾಲುವೆ ನೀರನ್ನೇ ಮೊಣಕಾಲುದ್ದ ನಿಲ್ಲಿಸಿದೆ. ತೆನೆ ಇನ್ನೂ ಕಾಂಡದೊಳಗಿದ್ದಾಗ, ವಾರ ಪೂರ್ತಿ."

ಮೇಸ್ತ್ರಿ ಕೈ ಎತ್ತಿದ. ಎತ್ತಿದ ಕೈ ಹಾಗೇ ಬಾಗಿಲ ಚಿಲಕಕ್ಕೆ ಹೋಯಿತು. ಹೊರಗೆ ಯಾರಾದರೂ ಕೇಳಿಸಿಕೊಂಡರೋ ಎಂದು ಇಣುಕಿದ. ಹಿಂದಿನ ಮೇಸ್ತ್ರಿಯ ಪಾತ್ರೆ ಪಡಗಗಳನ್ನು ತೋಟದವರು ಬೀದಿಗೆ ಹಾಕಿದ್ದು ಇದಕ್ಕಿಂತ ಸಣ್ಣ ತಪ್ಪಿಗೆ. ಅವಳನ್ನು ಒಳಗೆ ಎಳೆದು ಬಾಗಿಲು ಹಾಕಿ ಪಿಸುಗುಟ್ಟಿದ:

"ಇವತ್ತು ತೋಟದ ದೊಡ್ಡವರು ಇಲ್ಲಿಗೆ ತಪಾಸಣೆಗೆ ಬರ್ತಾರೆ. ಗಾಜಣ್ಣ, ಆಚೆ ತಾಕಿನ ಹೂ ಕಿತ್ಕೊಂಡು ಬಾ. ಆ ಸಾಲು ಚೆನ್ನಾಗಿದೆ. ಅದರ ಗಾಜು ತೋರ್ಸು."

"ಅಕ್ಕನ ಮುಖ ನೋಡಿ ಸುಳ್ಳು ಹೇಳ್ಬಹುದು ಭಾವ. ಆಮೇಲೆ ಗದ್ದೆ ಸುಳ್ಳು ಹೇಳುತ್ತಾ?"

"ಯಾರದೋ ಗದ್ದೆ!"

"ಯಾರದೋ ಅಲ್ಲ, ನಮ್ಮಮ್ಮಾನೂ ಈ ಬೀಜಾನೇ ಬಿತ್ತೋದು" ಎಂದಳು ಅವಳು. "ಜಳ್ಳು ಕೇರಿ ಉಣ್ಣು ಅಂತ ಅವಳಿಗೆ ನಾನು ಹೇಳ್ಲಾ, ನೀವು ಹೇಳ್ತೀರಾ?"

ಕಿಟಕಿಯಾಚೆ ಹೂವು ಬಾಯಿ ಬಿಡುವ ಹೊತ್ತು. ಗಾಳಿ ಒಂದು ಸುತ್ತು ಬೀಸಿತು. ಗಂಡು ಸಾಲಿನಿಂದ ಹಳದಿ ಪುಡಿ ಎದ್ದಿತು. ಹೆಣ್ಣು ಸಾಲಿನಿಂದಲೂ ಎದ್ದಿತು. ಮೇಸ್ತ್ರಿ ಕಿಟಕಿ ಮುಚ್ಚಿ ಅಗುಳಿ ಹಾಕಿದ, ಆ ಪುಡಿ ಒಳಗೆ ನುಗ್ಗಿ ಅವನ ಹೆಸರು ಹೇಳಿಬಿಡುತ್ತದೆ ಎಂಬಂತೆ.

ತಿರುಗಿ ನೋಡುವಷ್ಟರಲ್ಲಿ ಅವಳು ಯಂತ್ರದ ಕೆಳಗಿನ ಗಾಜನ್ನು ತೆಗೆದು ಸೆರಗಿನ ತುದಿಯಲ್ಲಿ ಸುತ್ತಿಕೊಂಡಿದ್ದಳು.

"ಎಲ್ಲಿಗೆ?"

"ದೊಡ್ಡವರ ಕೋಣೆಗೆ. ಆ ಸಾಲನ್ನ ಇವತ್ತೇ ಕೊಯ್ದು ಹೂಳ್ಲಿ."

"ಹೊಸ್ತಿಲು ದಾಟಿದ್ರೆ ನಿನಗೆ ಈ ಮನೆ ಇಲ್ಲ! ಲೇ... ನಿಲ್ಲೇ. ನಂಗೆ ಭಯ ಆಗ್ತಿದೆ ಕಣೇ."

"ನಂಗೂ" ಎಂದಳು. ಚಿಲಕ ತೆಗೆದಳು.

ಕೆಸರು ಮೆತ್ತಿದ ಚಪ್ಪಲಿ ಬಾಗಿಲಲ್ಲೇ ಉಳಿದಿತ್ತು. ಬದುವಿನ ಮೇಲೆ ಬರಿಗಾಲಲ್ಲಿ ಹೋದಳು. ಗಾಜಣ್ಣ ಸಂಜೆಯವರೆಗೂ ಯಂತ್ರದ ದೀಪ ಆರಿಸಲಿಲ್ಲ. ಮೇಸ್ತ್ರಿ ಆ ಚಪ್ಪಲಿಯನ್ನೇ ನೋಡುತ್ತ ಕೂತ. ಅದನ್ನು ಹಾಕಿಕೊಳ್ಳಲು ಅವಳು ಬರಲಿಲ್ಲ.