ಎಡಗಡೆಯ ತೂತು

"ಎರಡೂ ಒಂದೇ ಥರ ಇದೆಯಲ್ಲೋ, ಯಾವುದಕ್ಕೆ ಚುಚ್ಚಿದ್ರೆ ಏನಂತೆ?" ಎನ್ನುತ್ತ ಅಕ್ಕ ಹಾರ್ಡ್‌ಡಿಸ್ಕಿನ ವೈರನ್ನು ಲ್ಯಾಪ್‌ಟಾಪಿನ ಎಡಗಡೆಯ ತೂತಿಗೆ ಸಿಕ್ಕಿಸಿಬಿಟ್ಟಳು.

ತಮ್ಮ ಹದಿನೈದು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುವವನು. ಅಂಗಡಿಗೆ ಬರುವವರೆಲ್ಲ ಇದೇ ಮಾತು ಆಡುತ್ತಿದ್ದರು. ನೋಡಲು ಅವಳಿ ತೂತುಗಳು. ಒಳಗೆ ಒಂದರಲ್ಲಿ ಫೈಲು ಓಡುತ್ತದೆ, ಇನ್ನೊಂದರಲ್ಲಿ ತೆವಳುತ್ತದೆ. ಹೇಳಿ ಹೇಳಿ ಅವನಿಗೆ ಸಾಕಾಗಿತ್ತು.

ಲ್ಯಾಪ್‌ಟಾಪ್ ಇವತ್ತೋ ನಾಳೆಯೋ ಅನ್ನುವಂತಿತ್ತು. ತೀರಿಕೊಂಡ ಅಪ್ಪನ ವಿಡಿಯೋಗಳೆಲ್ಲ ಅದರಲ್ಲೇ ಇದ್ದವು. ಅವನ್ನು ಹೊಸ ಹಾರ್ಡ್‌ಡಿಸ್ಕಿಗೆ ತುಂಬಿಕೊಟ್ಟು ಒಂದು ಗಂಟೆಯೊಳಗೆ ಹೊರಡುವ ಅಂದಾಜಿನಲ್ಲಿ ಬಂದಿದ್ದ. ಈ ಮನೆಗೆ ಬಂದರೆ ಅವನು ಯಾವಾಗಲೂ ಕೂರುತ್ತಿದ್ದುದು ಅಷ್ಟೇ ಹೊತ್ತು.

ಪರದೆಯ ಮೇಲೆ 'ಇನ್ನು ನಾಲ್ಕು ಗಂಟೆ' ಎಂದು ಮೂಡಿತು.

"ಅಕ್ಕಾ, ಅದನ್ನ ಸ್ವಲ್ಪ..."

"ಅಮ್ಮನ್ನ ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಿಸ್ಬೇಕು ಕಣೋ, ಇಲ್ಲಾಂದ್ರೆ ಬೆನ್ನು ಹುಣ್ಣಾಗುತ್ತೆ. ಮೂರಕ್ಕೆ ನನ್ನನ್ನ ಎಬ್ಬಿ..." ಮಾತು ಅಲ್ಲಿಗೇ ನಿಂತಿತು. ಗೋಡೆಗೆ ತಲೆ ಆನಿಸಿ, ಬಾಯಿ ತುಸು ತೆರೆದು, ಕುರ್ಚಿಯಲ್ಲೇ ಅವಳಿಗೆ ನಿದ್ದೆ ಹತ್ತಿತ್ತು.

ವೈರನ್ನು ಬಲಗಡೆಗೆ ಬದಲಿಸಿದರೆ ಅರ್ಧ ಗಂಟೆಯ ಕೆಲಸ. ಆಮೇಲೆ ಹೊರಡುವಾಗ 'ಬರ್ತೀನಿ' ಅನ್ನಲು ಅವಳನ್ನು ಎಬ್ಬಿಸಬೇಕು. ವೈರಿನ ತನಕ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಹೊರಗೆ ಹೋಗಿ ಅಂಗಡಿಯ ಪಾಲುದಾರನಿಗೆ ಫೋನ್ ಮಾಡಿದ.

"ಇವತ್ತು ಬರಲ್ಲ ಕಣಯ್ಯ. ಕಾಪಿ ಆಗ್ತಾ ಇದೆ. ತುಂಬಾ ನಿಧಾನ."

ಮೂರಕ್ಕೆ ಸರಿಯಾಗಿ ಒಳಕೋಣೆಯಿಂದ ಅಮ್ಮನ ದನಿ ಬಂತು. "ಎಲ್ಲಿದೀಯೇ?"

ಅವನು ಹೋಗಿ ಮಂಚದ ಪಕ್ಕ ನಿಂತ.

"ನೀನಾ? ಅವಳೆಲ್ಲಿ?"

"ನಿದ್ದೆ ಮಾಡ್ತಿದಾಳೆ."

"ನಿದ್ದೇನಾ!" ಅಮ್ಮ ಬಾಗಿಲ ಕಡೆ ಕಣ್ಣು ಹಾಯಿಸಿದಳು. "ಹಾಗಾದ್ರೆ ಮೆತ್ತಗೆ ಮಾತಾಡು. ನಿಂಗೆ ಇದೆಲ್ಲ ಬರುತ್ತೇನೋ?"

"ಬರಲ್ಲ. ನೀನೇ ಹೇಳಿಕೊಡು."

"ಮೊದಲು ದಿಂಬು ತೆಗಿ. ಒಂದು ಕೈ ಭುಜಕ್ಕೆ, ಒಂದು ಸೊಂಟಕ್ಕೆ. ಎಳೀಬೇಡ್ವೋ, ಉರುಳಿಸು. ಕಿಟಕಿ ಕಡೆಗೆ."

ಅವನು ಉಸಿರು ಬಿಗಿಹಿಡಿದು ಉರುಳಿಸಿದ. ಅಂದುಕೊಂಡಷ್ಟು ಭಾರವಿರಲಿಲ್ಲ. ಅಮ್ಮ ಒಮ್ಮೆ ನರಳಿ ಕಿಟಕಿಯತ್ತ ಮುಖಮಾಡಿ ಮಲಗಿದಳು. ರವಿಕೆ ಸರಿದ ಬೆನ್ನಿನ ಮೇಲೆ ಹಾಸಿಗೆಯ ಮಡಿಕೆಗಳು ಕೆಂಪಗೆ ಗೆರೆ ಮೂಡಿಸಿದ್ದವು. ಅವನು ಅವುಗಳ ಮೇಲೆ ಅಂಗೈ ಇಟ್ಟು, ಅವು ಮಾಸುವವರೆಗೂ ಹಾಗೇ ಕೂತಿದ್ದ.