ದೇಸಾಯರ ಮನೆಯ ಪಟ್ಟಾ

ಹೊರ್ತಿಯ ದೇಸಾಯರ ಮನೆಯಲ್ಲಿ ಆದಿಲಶಾಹಿ ಕಾಲದ್ದೆನ್ನುವ ಒಂದು ಪಟ್ಟಾ ಇತ್ತು. ಪಟ್ಟಾ ಅಂದರೆ ಉದ್ದನೆಯ ಕತ್ತಿ. ಅದಕ್ಕೆ ಹಿಡಿಕೆಯ ಬದಲು ಮೊಣಕೈವರೆಗೆ ಬರುವ ಕಬ್ಬಿಣದ ಕೈಗವಸು. ಒಳಗೆ ಕೈ ತೂರಿಸಿ ಬೀಸಬೇಕು. ಖಂಡೆಪೂಜೆಯ, ಅಂದರೆ ಆಯುಧಪೂಜೆಯ ದಿನ ಮನೆಯ ಯಜಮಾನ ಅದರಿಂದ ಅಂಗಳದಲ್ಲಿ ಬೂದುಗುಂಬಳಕಾಯಿಯನ್ನು ಒಂದೇ ಏಟಿಗೆ ಕಡಿಯಬೇಕೆಂಬುದು ಪದ್ಧತಿ.

ನಡೆಯುತ್ತಿದ್ದುದೇ ಬೇರೆ. ಯಜಮಾನ ಶ್ರೀವಲ್ಲಭ ಅದನ್ನು ಎರಡೂ ಕೈಯಿಂದ ಹೊರಗಿನಿಂದಲೇ ಅವಚಿ ಹಿಡಿದು, ಒನಕೆ ಎತ್ತಿದಂತೆ ಎತ್ತಿ ಹಾಕುತ್ತಿದ್ದರು. ಕಾಯಿ ಜಜ್ಜಿಹೋಗುತ್ತಿತ್ತು. ಓಣಿಯ ಮಂದಿ ಮುಸಿಮುಸಿ ನಗುತ್ತಿದ್ದರು. ಶ್ರೀವಲ್ಲಭರದಾದರೂ ಏನು ತಪ್ಪು? ಕೈ ತೂರಿಸುವ ಬಾಯಿಯೇ ಮುಚ್ಚಿಹೋಗಿತ್ತು. ಪ್ರತಿ ಪೂಜೆಗೂ ಅರಿಷಿಣದ ಕೊಂಬು ಇಟ್ಟು ದಾರ ಸುತ್ತುವುದು, ದೇವರ ದಾರ ಬಿಚ್ಚಬಾರದೆಂದು ಹಳೆಯದರ ಮೇಲೆಯೇ ಹೊಸದನ್ನು ಸುತ್ತುವುದು. ಎಣ್ಣೆ, ಕುಂಕುಮ ಕೂಡಿ ಅಲ್ಲೊಂದು ಹುತ್ತವೇ ಬೆಳೆದಿತ್ತು. ಭಕ್ತಿ ಹೆಚ್ಚಾದರೆ ಆಯುಧಕ್ಕೂ ಉಳಿಗಾಲವಿಲ್ಲ ನೋಡಿ!

ಈ ವರ್ಷ ಶ್ರೀವಲ್ಲಭರಿಗೆ ಸಾಕಾಗಿಹೋಗಿತ್ತು. ಪೂಜೆ ಮುಗಿದ ಕೂಡಲೇ ಪಟ್ಟಾ ಒಯ್ಯಿರೆಂದು ಇಂಡಿ ಊರಿನ ಅನೀಲಕುಮಾರನಿಗೆ ಮಾತು ಕೊಟ್ಟಿದ್ದರು. ಅವನಿಗೆ ಹಳೆಯ ಆಯುಧ ಕೂಡಿಸಿ ಗೋಡೆಗೆ ತೂಗುಹಾಕುವ ಹುಚ್ಚು. ಹೊತ್ತಿಗೆ ಮೊದಲೇ ಬಂದು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ.

ಇದನ್ನು ಕೇಳಿ ಶ್ರೀವಲ್ಲಭರ ಅಣ್ಣನ ಮಗಳು ಗೌತಮಿಗೆ ಮೈಯೆಲ್ಲ ಉರಿಯಿತು. ಅವಳು ಸಿಂದಗಿಯ ಸಾಲಿಯಲ್ಲಿ ಆಟದ ಶಿಕ್ಷಕಿ. ಸೊಲ್ಲಾಪುರದ ಉಸ್ತಾದರ ಹತ್ತಿರ ಪಟ್ಟಾ ತಿರುಗಿಸುವುದನ್ನು ಕಲಿತವಳು. ಸ್ವಂತ ಮನೆಯದನ್ನು ಮುಟ್ಟುವ ಮೊದಲೇ ಅದು ಇನ್ನೊಬ್ಬರ ಗೋಡೆ ಸೇರುವುದೆಂದರೇನು?

"ಕಾಕಾ, ಈ ಸಲ ನಾ ಕಡೀತೇನಿ. ಒಂದ ಏಟಿಗೆ ಕಡದ್ರ ಪಟ್ಟಾ ಮನ್ಯಾಗ ಉಳೀಬೇಕು."

"ನನ್ನ ಕೈಲೆ ಆಗಲಾರದ್ದು ನಿನ್ನ ಕೈಲೆ ಆಗ್ತದೇನು?" ಎಂದು ಶ್ರೀವಲ್ಲಭ ನಕ್ಕರು. "ಆತು, ಕಡಿ ನೋಡೋಣು. ಆಗಲಿಲ್ಲಂದ್ರ ಅವರು ಒಯ್ಯತಾರ."

"ಆಗ್ತದ. ಆದ್ರ ದಾರ ಬಿಚ್ಚಬೇಕು."

ಎಲ್ಲರೂ ಅಜ್ಜಿಯ ಮುಖ ನೋಡಿದರು. ಸರಸ್ವತೀಬಾಯಿ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ದಾರ ಸುತ್ತಿದವರು ಅವರೇ. ಅವರು ಮೊಮ್ಮಗಳನ್ನು ಒಮ್ಮೆ, ಪಟ್ಟಾವನ್ನು ಒಮ್ಮೆ ನೋಡಿದರು.

"ಕಟ್ಟಿದಾಕಿ ನಾನು, ಬಿಚ್ಚಾಕಿನೂ ನಾನು. ಕತ್ರಿ ತಾ ಇಲ್ಲೆ."

ಕರಕರ ಕತ್ತರಿ ಆಡಿತು. ಗಂಟುಗಟ್ಟಿದ ದಾರ, ಕರಿಬಿದ್ದ ಅರಿಷಿಣದ ಕೊಂಬುಗಳು ಉದುರಿದವು. ಗೌತಮಿ ಒಳಗೆಲ್ಲ ಒರೆಸಿ ಕೈ ತೂರಿಸಿದಳು. ಒಳಗಿನ ಅಡ್ಡಪಟ್ಟಿ ಗಟ್ಟಿಯಾಗಿತ್ತು. ಅದರ ಮೇಲೆ ಮುಷ್ಟಿ ಬಿಗಿದಾಗ ಅವಳ ಕಣ್ಣು ತುಂಬಿ ಬಂದವು.

ಆದರೆ ಎತ್ತಿದಾಗ ಗೊತ್ತಾಯಿತು: ಕಲಿಯುವಾಗ ಹಿಡಿದದ್ದಕ್ಕಿಂತ ಇದು ಬಹಳ ಭಾರ. ತಪ್ಪಿದರೆ ಇಂದೇ ಪಟ್ಟಾ ಇಂಡಿಗೆ ಹೋಗುತ್ತದೆ. ಓಣಿಯವರು ಆಗಲೇ ಮೊಬೈಲು ಎತ್ತಿ ಹಿಡಿದಿದ್ದರು. ಅವಳು ಉಸ್ತಾದರು ಹೇಳಿದ್ದನ್ನೇ ನೆನೆದಳು: ಇದರಲ್ಲಿ ಮಣಿಕಟ್ಟಿಗೆ ಕೆಲಸವಿಲ್ಲ, ಭುಜ ಮತ್ತು ಸೊಂಟ ತಿರುಗಬೇಕು. ಕಾಲು ಅಗಲಿಸಿ ನಿಂತಳು. ತಲೆಯ ಮೇಲೆ ಒಂದು ಸುತ್ತು ತಿರುಗಿಸಿದಳು, ಅಲಗು ಗುಂಯ್ ಎಂದಿತು. ಆ ವೇಗವನ್ನು ಹಾಗೇ ಕೆಳಕ್ಕೆ ಬಿಟ್ಟಳು.

ಚಕ್ಕ್!

ಕಾಯಿ ಜಜ್ಜಿಹೋಗಲಿಲ್ಲ, ಚೂರಾಗಲಿಲ್ಲ, ಎರಡೇ ಹೋಳಾಯಿತು. ಒಂದು ಹೋಳು ಉರುಳುತ್ತ ಹೋಗಿ ಅನೀಲಕುಮಾರನ ಕಾಲಿಗೆ ಬಡಿಯಿತು. ಓಣಿಗೆ ಓಣಿಯೇ ಹೋ ಎಂದು ಕೂಗಿತು. ಅಜ್ಜಿ ಮುಂದೆ ಬಂದು ಗೌತಮಿಯ ಹಣೆಗೆ ಕುಂಕುಮ ಮೆತ್ತಿದರು. ಗೌತಮಿಗೆ ಭುಜ ನೋಯುತ್ತಿತ್ತು, ನಗು ಮಾತ್ರ ತಡೆಯಲಾಗಲಿಲ್ಲ.

ಅನೀಲಕುಮಾರ ಎದ್ದು, "ಭಾಳ ಚಲೋ ಮಾಲ ಐತ್ರಿ ಇದು. ಇನ್ನೊಮ್ಮೆ ವಿಚಾರ ಮಾಡ್ರಲಾ ದೇಸಾಯರೆ" ಅಂದ.

ಶ್ರೀವಲ್ಲಭ ಅಂಗಿಯ ತೋಳೇರಿಸಿ, ಇಡೀ ಓಣಿಗೆ ಕೇಳುವಂತೆ ಹೇಳಿದರು:

"ಬೀಸಾವ್ರು ಇರಲಿಲ್ಲಂತ ಕೊಡ್ಲಿಕ್ಕೆ ಹೊಂಟಿದ್ದೆರಿ. ಈಗ ನಮ್ಮ ಗೌತಮಿ ಇದ್ದಾಳ!"