ಇನ್‌ಸ್ಪೆಕ್ಷನ್ನಿಗೆ ಇಟ್ಟ ಡಬ್ಬಿ

“ಅಕ್ಕಾ, ದಮ್ಮಯ್ಯ, ಅದರೊಳಗೆ ಮಾತ್ರ ಹಾಕಬೇಡ! ಇವತ್ತು ಇನ್‌ಸ್ಪೆಕ್ಷನ್ನಿನೋರು ಬಂದು ನೋಡ್ಕೊಂಡು ಹೋಗ್ಲಿ, ಆಮೇಲೆ ಬೇಕಿದ್ರೆ ನೀನೇ ಒಳಗೆ ಇಳಿದು ಕೂತ್ಕೊ.”

ತಮ್ಮ ಹೀಗೆ ಎರಡೂ ಕೈ ಅಗಲಿಸಿ, ಎದೆಯೊಡ್ಡಿ ಕಾಯುತ್ತಿದ್ದದ್ದು ಒಂದು ಕಸದ ಡಬ್ಬಿಯನ್ನು. ದಪ್ಪ ತಗಡಿನ ಕೆಂಪು ಡಬ್ಬಿ. ಕಾಲಲ್ಲಿ ಒತ್ತಿದರೆ ಮುಚ್ಚಳ ಏಳುತ್ತದೆ, ಬಿಟ್ಟರೆ ಗಪ್ಪನೆ ಮುಚ್ಚಿಕೊಳ್ಳುತ್ತದೆ. ಅಕ್ಕನ ಕೈಯಲ್ಲಿದ್ದದ್ದು ಪ್ರಿಂಟಿಂಗ್ ಮಷೀನಿನ ರೋಲರ್ ಒರೆಸಿ ಒರೆಸಿ ಮಸಿ, ಎಣ್ಣೆ, ಥಿನ್ನರ್ ಎಲ್ಲ ಕುಡಿದು ಭಾರವಾದ ಚಿಂದಿಯ ಉಂಡೆ. ಇಂಥ ಚಿಂದಿಯನ್ನು ಮನಸ್ಸು ಬಂದಲ್ಲಿ ಬಿಸಾಡುವ ಹಾಗಿಲ್ಲ. ಅದು ಅಪಾಯಕಾರಿ ತ್ಯಾಜ್ಯ. ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಬೇಕು, ಮೇಲೆ ಚೀಟಿ ಅಂಟಿಸಿ ಹಾಕಲು ಶುರು ಮಾಡಿದ ತಾರೀಖು ಬರೆಯಬೇಕು, ಲೈಸೆನ್ಸ್ ಇರುವ ಗಾಡಿಯವರಿಗೇ ಒಪ್ಪಿಸಬೇಕು ಎಂದು ಸರ್ಕಾರದ ನಿಯಮ. ನಿಯಮಕ್ಕೆ ತಕ್ಕ ಡಬ್ಬಿ ಬಂದು ತಿಂಗಳಾಗುತ್ತಾ ಬಂದಿತ್ತು. ಅದರೊಳಗೆ ಚಿಂದಿ ಹಾಕುವುದೊಂದು ಬಿಟ್ಟು ಬೇರೆಲ್ಲ ಆಗಿತ್ತು.

“ಹಾಗಾದ್ರೆ ಇದನ್ನೆಲ್ಲಿ ಹಾಕ್ಲಿ? ನಿನ್ನ ತಲೆ ಮೇಲಾ?”

“ಯಾವಾಗಲೂ ಹಾಕೋ ಕಡೆ. ಮೆಟ್ಟಿಲ ಕೆಳಗೆ, ರಟ್ಟಿನ ಪೆಟ್ಟಿಗೇಲಿ.”

ಬೀದಿಯವರೆಲ್ಲ ತಮ್ಮನನ್ನು ಕರೆಯುವುದು ‘ಕವರ್’ ಎಂದು. ಅವನ ಮನೆಯ ಸೋಫಾಕ್ಕೆ ಅಂಗಡಿಯವನು ಸುತ್ತಿಕೊಟ್ಟ ಪ್ಲಾಸ್ಟಿಕ್ಕು ಹಾಗೇ ಇದೆ. ಬೇಸಿಗೆಯಲ್ಲಿ ಕೂತವರು ಏಳುವಾಗ ತೊಡೆ ಪಟಪಟನೆ ಕಿತ್ತುಕೊಂಡು ಬರುತ್ತದೆ. ಮದುವೆಗೆ ಉಡುಗೊರೆ ಬಂದ ಗೋಡೆ ಗಡಿಯಾರ ಇಂದಿಗೂ ತನ್ನ ಡಬ್ಬದೊಳಗೇ ಟಿಕ್‌ಟಿಕ್ ಅನ್ನುತ್ತದೆ. ಹೊಸದಾಗಿ ಕಾಣುವುದೇ ಒಂದು ವಸ್ತುವಿಗೆ ಇರುವ ಕೆಲಸ ಎಂದು ನಂಬಿದವನು ಅವನು. ಕೆಂಪು ಡಬ್ಬಿಗೆ ಚೀಟಿಯನ್ನು ತಮ್ಮದೇ ಪ್ರೆಸ್ಸಿನಲ್ಲಿ ಮೂರು ಬಣ್ಣದಲ್ಲಿ ಅಚ್ಚು ಹಾಕಿ, ಲ್ಯಾಮಿನೇಷನ್ ಮಾಡಿ, ಗಾಳಿಗುಳ್ಳೆ ಬರದ ಹಾಗೆ ಉಸಿರು ಹಿಡಿದು ಅಂಟಿಸಿದ್ದ. ತಲೆಬುರುಡೆಯ ಚಿತ್ರ ಎಷ್ಟು ಚೊಕ್ಕವಾಗಿತ್ತೆಂದರೆ ಅದಕ್ಕೆ ಹಲ್ಲುಜ್ಜಿಸಿ ತಂದ ಹಾಗಿತ್ತು. ತಾರೀಖಿನ ಜಾಗ ಮಾತ್ರ ಖಾಲಿ. ಬರೆದರೆ ಕೆಡುತ್ತದಲ್ಲ!

ಅಕ್ಕನಿಗೆ ಅವನನ್ನು ಕಂಡರೆ ನಗು ಬರುತ್ತಿದ್ದ ಕಾಲವೊಂದಿತ್ತು. ಸೊಂಟ ಮುರಿದ ಅಮ್ಮ ಪ್ರೆಸ್ಸಿನ ಮೇಲಿನ ಮಹಡಿಯ ಕೋಣೆಯಲ್ಲಿ ಹಾಸಿಗೆ ಹಿಡಿದ ಮೇಲೆ ನಗು ನಿಂತುಹೋಯಿತು. ಆ ಕೋಣೆಯಿಂದ ಕೆಳಗಿಳಿಯಲು ಇರುವುದು ಈ ಮರದ ಮೆಟ್ಟಿಲೊಂದೇ. ಮೆಟ್ಟಿಲ ಕೆಳಗೆ ಚಿಂದಿಯ ಪೆಟ್ಟಿಗೆ. ಎಣ್ಣೆ ಹೀರಿದ ಚಿಂದಿ ರಾಶಿಬಿದ್ದರೆ ತನ್ನಷ್ಟಕ್ಕೇ ಕಾಯುತ್ತದೆ, ಕಾದು ಹೊತ್ತಿಕೊಳ್ಳಲೂಬಹುದು ಎನ್ನುವುದು ಮಸಿಯ ವಾಸನೆಯಲ್ಲೇ ಬೆಳೆದ ಅಕ್ಕತಮ್ಮ ಇಬ್ಬರಿಗೂ ಗೊತ್ತು. ಅಪ್ಪ ಇದ್ದಾಗ ಅದನ್ನು ನೀರಿನ ಬಕೆಟ್ಟಿಗೆ ಹಾಕುತ್ತಿದ್ದ. ಬಕೆಟ್ಟು ನೋಡಲು ಚೆನ್ನಾಗಿಲ್ಲವೆಂದು ಕವರ್ ಅದನ್ನು ಅಟ್ಟಕ್ಕೆ ಏರಿಸಿದ್ದ.

ಅಕ್ಕ ಬಗ್ಗಿ ಪೆಟ್ಟಿಗೆಯ ಮೈ ಮುಟ್ಟಿ ನೋಡಿದಳು. ಕಾವಿಗೆ ಕೂತ ಕೋಳಿಯ ಹೊಟ್ಟೆಯ ಹಾಗೆ ಬೆಚ್ಚಗಿತ್ತು.

“ಲೋ, ಇದು ಕಾದಿದೆ. ಹೊರಗಾದ್ರೂ ಇಡು.”

“ಹೊರಗಿಟ್ರೆ ಗೇಟಿನಿಂದಾನೇ ಕಾಣತ್ತೆ. ಸೆಖೆ ಕಣೇ, ಅದಕ್ಕೇ ಬೆಚ್ಚಗಿದೆ.”

“ಸೆಖೆಗಾದ್ರೆ ಗೋಡೇನೂ ಬೆಚ್ಚಗಿರ್ಬೇಕಿತ್ತು. ಮುಟ್ಟಿ ನೋಡು, ಬಾ.”

ಅವನು ಮುಟ್ಟಲಿಲ್ಲ. ಒಳಗೆ ಹೋಗಿ ಒಂದು ಹೊಸ ಕಂಬಳಿ ತಂದು ಪೆಟ್ಟಿಗೆಯನ್ನು ಸುತ್ತಲೂ ಮುಚ್ಚಿ, ಅಂಚನ್ನು ನೀಟಾಗಿ ಮಡಚಿ, ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ ನೋಡಿದ.

“ಈಗ ಕಾಣ್ತಾ?”

ಮಷೀನಿನ ಮುಂದೆ ನಿಂತಿದ್ದ ಹಳೆಯ ಕೆಲಸಗಾರನಿಗೆ ತಡೆಯಲಾಗಲಿಲ್ಲ. “ಯಜಮಾನ್ರೇ, ಅದೇ ಕೈಯಲ್ಲಿ ನನಗೂ ಒಂದು ಹೊದಿಸಿ ಮೂಲೇಲಿ ನಿಲ್ಲಿಸಿ. ಇನ್‌ಸ್ಪೆಕ್ಷನ್ ಮುಗಿದ್ಮೇಲೆ ಬಿಚ್ಚೋರಂತೆ.”

“ನೀನು ಬಾಯಿಗೆ ಹೊದಿಸ್ಕೊ ಮೊದಲು,” ಎಂದ ಕವರ್.

ಅಕ್ಕ ಕಂಬಳಿಗೆ ಕೈ ಹಾಕುವಷ್ಟರಲ್ಲಿ ಹೊರಗೆ ಜೀಪು ನಿಂತಿತು. ಇಳಿದು ಬಂದ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಣಿ ನಡುವಯಸ್ಸಿನವಳು. ಬೆಳಿಗ್ಗೆಯಿಂದ ಊರಿನ ಗಬ್ಬನ್ನೆಲ್ಲ ಮೂಸಿ ಬಂದ ಮುಖ. ಕುರ್ಚಿ ಕೊಟ್ಟರು. ಅದರ ಮೇಲೂ ಪ್ಲಾಸ್ಟಿಕ್ಕಿತ್ತು. ಅವಳು ನೋಡಿ, ಕೂರಲಿಲ್ಲ.

“ನೋಡಿ ಮೇಡಂ, ಎಲ್ಲಾ ರೂಲ್ಸ್ ಪ್ರಕಾರ!” ಕವರ್ ಡಬ್ಬಿಯನ್ನು ಮದುಮಗಳ ಹಾಗೆ ತೋರಿಸಿದ.

ಅಧಿಕಾರಿಣಿ ಕಾಲಲ್ಲಿ ಒತ್ತಿದಳು. ಮುಚ್ಚಳ ಎದ್ದಿತು. ಒಳಗೆ ಬಗ್ಗಿ ನೋಡಿದರೆ ತಳದಲ್ಲಿ ಅವಳದೇ ಮುಖ.

“ಖಾಲಿ ಇದೆ.”

“ಕ್ಲೀನಾಗಿ ಇಟ್ಕೊಂಡಿದೀವಿ ಮೇಡಂ.”

“ಪ್ರೆಸ್ ಎಷ್ಟು ವರ್ಷದಿಂದ ನಡೀತಿದೆ?”

“ನಮ್ಮಪ್ಪನ ಕಾಲದಿಂದ!” ಅವನ ಎದೆ ಉಬ್ಬಿತು.

“ಅವತ್ತಿಂದ ಇವತ್ತಿನವರೆಗೆ ಒಂದು ರೋಲರೂ ಒರೆಸಿಲ್ವಾ?”

“ನಮ್ಮಲ್ಲಿ ಚಿಂದಿ ಅಷ್ಟಾಗಿ ಬರಲ್ಲ ಮೇಡಂ. ಹುಷಾರಾಗಿ ಪ್ರಿಂಟ್ ಮಾಡ್ತೀವಿ.”

ಮಷೀನಿನ ಹಿಂದಿನಿಂದ ಕೆಮ್ಮೋ ನಗುವೋ ತಿಳಿಯದ ಒಂದು ಸದ್ದು ಬಂತು. ಹೆತ್ತ ತಾಯಿ ಮಹಡಿಯ ಮೇಲೆ ಮಲಗಿರುವಾಗ ಇವನು ಡಬ್ಬಿಗೆ ಮಸಿ ತಾಗೀತೆಂದು ಬೆವರುತ್ತಿದ್ದಾನಲ್ಲ, ಇಂಥವನಿಗೆ ಕೈಗೂಸಾಗಿದ್ದಾಗ ತಾನು ಅನ್ನ ಕಲಸಿ ತಿನ್ನಿಸಿದೆನಲ್ಲ ಎಂದು ಅಕ್ಕನಿಗೆ ಅಸಹ್ಯವಾಯಿತು.

“ಮೇಡಂ, ಚಿಂದಿ ಅಲ್ಲಿದೆ,” ಎಂದು ಅವಳು ಕೈ ತೋರಿಸುವುದಕ್ಕೂ, ಮೇಲಿನಿಂದ ಕೋಲು ಟಕಟಕನೆ ನೆಲಕ್ಕೆ ಬಡಿಯುವುದಕ್ಕೂ ಸರಿಹೋಯಿತು.

“ಏನೇ ಅದು, ಏನೋ ಸುಟ್ಟ ವಾಸನೆ ಬರ್ತಿದೆ!” ಎಂದು ಅಮ್ಮನ ದನಿ.

ಕಂಬಳಿಯ ನೀಟಾದ ಮಡಿಕೆಯೊಳಗಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಅಕ್ಕ ಕಂಬಳಿಯನ್ನು ಕಿತ್ತೆಸೆದಳು. ರಟ್ಟಿನ ಒಂದು ಬದಿ ಕಂದಿ ಕಪ್ಪಾಗಿತ್ತು, ಎಳೆದ ಕೂಡಲೇ ಪೆಟ್ಟಿಗೆ ಬಾಯಿಬಿಟ್ಟಿತು. ನಡುವಿನ ಚಿಂದಿ ಕೆಂಡದ ಹಾಗೆ ಮಿನುಗುತ್ತಿತ್ತು.

“ಡಬ್ಬಿ ತಗೊಂಡ್ ಬಾರೋ!”

ಕವರ್ ಡಬ್ಬಿಯನ್ನು ತಬ್ಬಿಕೊಂಡು ನಿಂತಿದ್ದ. “ನೀರು ಹಾಕೋಣ ಅಕ್ಕಾ, ನೀರು... ಇದು ಹೊಸದು...”

ಕೆಲಸಗಾರ ಅವನ ತೋಳಿನಿಂದ ಡಬ್ಬಿಯನ್ನು ಕಿತ್ತುಕೊಂಡು ಬಂದು ಕಾಲಲ್ಲಿ ಒತ್ತಿ ನಿಂತ. ಅಕ್ಕ ಮಸಿ ಕಲಸುವ ತಗಡಿನಲ್ಲಿ ಚಿಂದಿಯನ್ನು ಗೋರಿ ಗೋರಿ ತುಂಬಿದಳು. ಹೊಗೆಗೆ ಕಣ್ಣು ಉರಿಯಿತು, ಬಳೆ ಕಾದು ಚುರ್ರೆಂದಿತು. ಕೊನೆಯ ಚೂರೂ ಬಿದ್ದ ಮೇಲೆ ಕೆಲಸಗಾರ ಕಾಲು ತೆಗೆದ. ಗಪ್! ಮುಚ್ಚಳ ಮುಚ್ಚಿಕೊಂಡಿತು. ಒಳಗೆ ಗಾಳಿಯಿಲ್ಲದೆ ಹೊಗೆ ನಿಂತುಹೋಯಿತು. ಮೆಟ್ಟಿಲಿಗೆ ಒಂದು ಕರಿಗೆರೆ ಬಿದ್ದದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ಅಧಿಕಾರಿಣಿ ಕರಿಗೆರೆಯನ್ನು ನೋಡಿದಳು, ಮೆಟ್ಟಿಲನ್ನು ನೋಡಿದಳು. “ಮೇಲೆ ಯಾರಿದಾರೆ?”

“ನಮ್ಮಮ್ಮ. ನಡೆಯೋಕಾಗಲ್ಲ,” ಎಂದಳು ಅಕ್ಕ.

ಅಧಿಕಾರಿಣಿ ಕವರ್‌ನ ಮುಖವನ್ನೇ ನೋಡಿದಳು. ಚರಂಡಿಯಲ್ಲಿ ಸಿಕ್ಕಿದ ಯಾವುದನ್ನೋ ಗುರುತು ಹಿಡಿಯುವ ಹಾಗೆ.

“ನೋಟೀಸ್ ಬರತ್ತೆ. ಅಮ್ಮನ್ನ ಇವತ್ತೇ ಕೆಳಗಿನ ಕೋಣೆಗೆ ತನ್ನಿ. ಮೆಟ್ಟಿಲ ಕೆಳಗೆ ಇನ್ಮೇಲೆ ಒಂದು ಚೂರೂ ಇಡೋ ಹಾಗಿಲ್ಲ.”

“ಆದ್ರೆ ಮೇಡಂ, ರೂಲ್ಸ್ ಪ್ರಕಾರ ಡಬ್ಬಿ ಇತ್ತಲ್ಲ!”

“ಇತ್ತು. ಡಬ್ಬೀಗೆ ಎಲ್ಲಿ ಬೆಂಕಿ ಬಿದ್ದಿತ್ತು? ಸುಖವಾಗಿತ್ತು,” ಎಂದು ಅವಳು ಜೀಪು ಹತ್ತಿದಳು.

ಅಕ್ಕ ಮಾರ್ಕರ್ ತೆಗೆದು ತಲೆಬುರುಡೆಯ ಕೆಳಗೆ ಅಂದಿನ ತಾರೀಖನ್ನು ದೊಡ್ಡದಾಗಿ, ಸೊಟ್ಟಸೊಟ್ಟಗೆ ಬರೆದಳು. ಹಾವು ಕಚ್ಚಿದವನ ಹಾಗೆ ಕವರ್ ನರಳಿದ.

“ಏನಾಯ್ತೇ ಕೆಳಗೆ?” ಅಮ್ಮ ಮತ್ತೆ ಕೋಲು ಬಡಿದಳು.

“ಏನಿಲ್ಲಮ್ಮಾ. ನಿನ್ನ ಮಗ ಡಬ್ಬಿ ಉದ್ಘಾಟನೆ ಮಾಡಿಸಿದ. ನಿನ್ನನ್ನ ಕೆಳಗೆ ಕರ್ಕೊಂಡ್ ಬರ್ತೀವಿ, ತಡಿ.”

ಅವಳೂ ಕೆಲಸಗಾರನೂ ಕೆಳಗಿನ ಕೋಣೆಯಲ್ಲಿ ಕಾಗದದ ರೀಮುಗಳನ್ನು ಸರಿಸಿ ಮಂಚಕ್ಕೆ ಜಾಗ ಮಾಡತೊಡಗಿದರು. ಬಾಗಿಲಿನಿಂದ ಅಕ್ಕ ತಿರುಗಿ ನೋಡಿದಳು. ಕವರ್ ಡಬ್ಬಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಹೊಸ ಬಟ್ಟೆಯನ್ನು ಥಿನ್ನರಿನಲ್ಲಿ ಅದ್ದಿ, ಕೆಂಪು ತಗಡಿಗೆ ಹಿಡಿದ ಮಸಿಯನ್ನು ಮೆಲ್ಲಗೆ ಒರೆಸುತ್ತಿದ್ದ. ಒರೆಸಿ ಮುಗಿಸಿದ. ತಗಡು ಫಳಫಳ ಹೊಳೆಯಿತು. ಆಮೇಲೆ, ಡಬ್ಬಿಯಿಂದ ಕಣ್ಣು ಕೀಳದೆ, ಕೈಯಲ್ಲಿದ್ದ ಒದ್ದೆ ಚಿಂದಿಯನ್ನು ಉಂಡೆ ಮಾಡಿ ಮೆಟ್ಟಿಲ ಕೆಳಗೆ ಎಸೆದ.